ಒಂದೇ ಹೆಸರಿನ ಎರಡು ಮಿತಿ

ಕಪ್ಪು ಮುಳ್ಳು ಏರುತ್ತಿತ್ತು.

ನೂರು ದಾಟಿತು. ನೂರಾ ಇಪ್ಪತ್ತು. ಪಂಪಿನ ಗುಂಯ್‌ಗುಟ್ಟುವ ಸದ್ದು ಶೆಡ್ಡಿನ ತಗಡಿಗೆ ಬಡಿದು ಹೊರಳಿ ಬರುತ್ತಿತ್ತು. ನೀಲಕಂಠಪ್ಪನವರು ಗುಡಿಯಲ್ಲಿ ಮಂಗಳಾರತಿ ನೋಡುವವರ ಹಾಗೆ ಕೈ ಕಟ್ಟಿಕೊಂಡು, ರೆಪ್ಪೆ ಬಡಿಯದೆ ಮೀಟರನ್ನೇ ನೋಡುತ್ತ ನಿಂತಿದ್ದರು.

ನೂರಾ ನಲವತ್ತು. ನೂರಾ ಐವತ್ತು.

ಪಂಪು ನಿಂತಿತು. ಮುಳ್ಳೂ ಅಲ್ಲೇ ನಿಂತಿತು.

“ನೋಡಿದ್ರಲ್ಲ?” ಎಂದ ಮ್ಯಾನೇಜರ್ ಗುರುಬಸವ. ಅವನ ದನಿಯಲ್ಲಿ ಗೆದ್ದ ಗತ್ತು ಇರಲಿಲ್ಲ, ದಣಿವು ಇತ್ತು. “ಪರದಿ ಮ್ಯಾಲೆ ನೂರೈವತ್ತು ಇಟ್ವಿ, ನೂರೈವತ್ತಕ್ಕ ನಿಂತ್ತು. ಯಂತ್ರ ಹೇಳಿದ ಮಾತು ಕೇಳತೈತ್ರಿ ಸಾಹೇಬ್ರ. ಕೇಳದಾಂವ ಮನಶಾ.”

ಧಾರವಾಡದ ಹತ್ತಿರದ ಬೇಲೂರು ಕೈಗಾರಿಕಾ ಪ್ರದೇಶದ ಈ ಶೆಡ್ಡಿನಲ್ಲಿ, ಹತ್ತಿಯನ್ನು ಒತ್ತಿ ಅಂಡಿಗೆ ಕಟ್ಟುವ ಇದೇ ಪ್ರೆಸ್ಸಿನ ಬಾಗಿಲು ಸಿಡಿದು ಬಾಬುಸಾಬನ ಬಲಗೈ ಮುರಿದಿತ್ತು. ಒತ್ತಡದ ಮಿತಿಯನ್ನು ನೂರಾ ಎಂಬತ್ತರಿಂದ ನೂರೈವತ್ತಕ್ಕೆ ತಾನು ಇಳಿಸಿದ್ದೆ ಎಂದು ಆಪರೇಟರ್ ಕುಮಾರಸ್ವಾಮಿ ಹೇಳುತ್ತಿದ್ದ. ಇಳಿಸಿರಲಿಲ್ಲ ಎಂದು ಕಂಪನಿ ಹೇಳುತ್ತಿತ್ತು. ಪೊಲೀಸ್ ಕೆಲಸದಿಂದ ನಿವೃತ್ತರಾದ ನೀಲಕಂಠಪ್ಪನವರು ಕುಮಾರಸ್ವಾಮಿಯ ಪರವಾಗಿ ನಿಜ ಹುಡುಕಲು ಬಂದಿದ್ದರು.

ಕಂಪನಿಯ ಮಾತಿಗೆ ಸಾಕ್ಷಿ ಇತ್ತು. ಮೀಟರಿನಲ್ಲಿ ಕಪ್ಪು ಮುಳ್ಳಿನ ಜೊತೆಗೆ ಒಂದು ಕೆಂಪು ಮುಳ್ಳೂ ಇದೆ. ಕಪ್ಪು ಮುಳ್ಳು ಏರುವಾಗ ಅದನ್ನು ತಳ್ಳಿಕೊಂಡು ಹೋಗುತ್ತದೆ. ಇಳಿಯುವಾಗ ಅಲ್ಲೇ ಬಿಟ್ಟು ಬರುತ್ತದೆ. ಒತ್ತಡ ಎಲ್ಲಿಯವರೆಗೆ ಏರಿತ್ತು ಎಂಬುದನ್ನು ಅದು ಯಾರ ಮುಲಾಜೂ ಇಲ್ಲದೆ ತೋರಿಸುತ್ತದೆ. ದಿನವೂ ಬೆಳಗ್ಗೆ ಅದನ್ನು ಸೊನ್ನೆಗೆ ತಿರುಗಿಸಿಡುವುದು ರೂಢಿ; ಅಪಘಾತದ ದಿನದಿಂದ ಯಾರೂ ಮುಟ್ಟದೆ ಅದು ನೂರಾ ಎಂಬತ್ತರ ಮೇಲೆ ಕೂತಿದೆ.

“ಇನ್ನೊಂದ ಮಾತ್ರಿ,” ಎಂದ ಗುರುಬಸವ. “ಅವತ್ತ ಬಾಬುಸಾಬನ್ನ ದವಾಖಾನಿಗೆ ಮುಟ್ಟಿಸಿ ಕುಮಾರಸ್ವಾಮಿ ಹೊಳ್ಳಿ ಇಲ್ಲಿಗೆ ಬಂದಿದ್ದ. ಗೇಟಿನಾಂವ ನೋಡ್ಯಾನ. ಯಾಕ ಬಂದಿದ್ದಿಪಾ ಅಂದ್ರ ಬಾಯಿ ಬಿಡವಲ್ಲ. ನಾ ಹೇಳ್ತೇನಿ ಯಾಕ ಬಂದಿದ್ದ ಅಂತ. ಪರದಿ ಮ್ಯಾಲೆ ನೂರೈವತ್ತು ಇಡಾಕ. ಆಮ್ಯಾಲೆ ತಿದ್ದಿ, ಮೊದಲ ತಿದ್ದಿದ್ದೆ ಅನ್ನಾಕ.”

ನೀಲಕಂಠಪ್ಪನವರು ಏನೂ ಹೇಳಲಿಲ್ಲ. ಪೊಲೀಸ್ ಖಾತೆಯಲ್ಲಿದ್ದಾಗಲೂ ಅವರು ಹೀಗೆಯೇ. ಬೆಳಗ್ಗೆ ಲಿಂಗಪೂಜೆ ಮುಗಿಸಿ ಕಣ್ಣು ತೆರೆದ ಮೇಲೆ ಒಂದಷ್ಟು ಹೊತ್ತು ಯಾರೊಡನೆಯೂ ಮಾತಾಡುತ್ತಿರಲಿಲ್ಲ. ಆ ಮೌನವನ್ನೇ ಠಾಣೆಗೂ ಹೊತ್ತು ತರುತ್ತಿದ್ದರು. ಎದುರಿನವನು ಅದರ ಭಾರ ತಾಳಲಾರದೆ ತಾನೇ ಮಾತಾಡಿಬಿಡುತ್ತಿದ್ದ.

ಅವರ ಮನಸ್ಸು ನಿನ್ನೆ ನೋಡಿದ ಆಸ್ಪತ್ರೆಯ ಮಂಚದ ಹತ್ತಿರ ಹೋಗಿತ್ತು. ಬಾಬುಸಾಬ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಹೆಂಡತಿ ಮೌಲಾಬಿ ಮೋಸಂಬಿ ಸುಲಿಯುತ್ತಿದ್ದಳು. ಒಂದೇ ಡಬ್ಬಿಯಲ್ಲಿ ರೊಟ್ಟಿ ತಿಂದ ಗೆಳೆಯರು ಅವರಿಬ್ಬರೂ, ಬಾಬುಸಾಬ ಮತ್ತು ಕುಮಾರಸ್ವಾಮಿ.

“ಬಾಗಿಲದ ಚಿಲಕ ಸವದೈತಿ, ನಾ ಹಂತ್ಯಾಕ ನಿಂದರೂದಿಲ್ಲ ಅಂದೆ,” ಎಂದಿದ್ದ ಬಾಬುಸಾಬ, ಗೋಡೆಗೆ ಹೇಳುವವನಂತೆ. “ಲಿಮಿಟ್ ಇಳಿಸೇನಿ, ನೂರೈವತ್ತರ ಮ್ಯಾಲೆ ಹೋಗೂದಿಲ್ಲ, ನಿಂದರು ಅಂದಾ ಕುಮಾರಸ್ವಾಮಿ. ನಿಂತೆ. ಅಷ್ಟರಿ.”

ಮೌಲಾಬಿ ಮೋಸಂಬಿಯ ಎಸಳು ಕೈಯಲ್ಲಿ ಹಿಡಿದು ಕೇಳಿದ್ದಳು, “ಅವಾ ಸುಳ್ಳ ಹೇಳಿದ್ನೇನ್ರಿ? ಇವರಿಗೆ ಅದೊಂದ ಗೊತ್ತಾಗಬೇಕಾಗೇತಿ. ಕೈ ಹೆಂಗೂ ಕೂಡತೈತಿ.”

ನಾಳೆ ಕಂಪನಿಯ ವಿಚಾರಣೆ. ಕುಮಾರಸ್ವಾಮಿಯ ನೌಕರಿ ಅಲ್ಲಿ ಹೋಗುವುದು ಬಹುತೇಕ ಖಚಿತ. ಆದರೆ ನೌಕರಿಗಿಂತ ದೊಡ್ಡದೊಂದು ಆ ಮಂಚದ ಹತ್ತಿರ ಇತ್ತು: ಅವನ ಮಾತು.

“ಕಾಕಾ, ಇಲ್ಲೊಂಚೂರು ಬರ್ರಿ,” ಎಂಬ ದನಿ ಬಂತು.

ಗಾರ್ಗಿ ಪ್ರೆಸ್ಸಿನ ಪಕ್ಕದ ಕಂಪ್ಯೂಟರ್ ಪೆಟ್ಟಿಗೆಯ ಮುಂದೆ ಸ್ಟೂಲು ಹಾಕಿಕೊಂಡು ಕೂತಿದ್ದಳು. ಅಪಘಾತದ ಮರುದಿನ ಕಂಪನಿಯವರು ಈ ಪೆಟ್ಟಿಗೆಗೆ ಸೀಲು ಹಾಕಿಸಿದ್ದರು. ಇವತ್ತು ಗುರುಬಸವನ ಎದುರಿಗೇ ಬಿಚ್ಚಿದ್ದು. ಗಾರ್ಗಿ ಧಾರವಾಡದಲ್ಲಿ ನೀಲಕಂಠಪ್ಪನವರ ಓಣಿಯವಳು. ಇವರ ಮನೆಯಿಂದ ಪೂಜೆಯ ಗಂಟೆ ಕೇಳುವ ಹೊತ್ತಿಗೆ ಅವರ ಮನೆಯಿಂದ ತಂಬೂರಿಯ ಶ್ರುತಿ ಕೇಳುತ್ತಿತ್ತು. ಈಗ ಅವಳು ಪ್ರೋಗ್ರಾಂ ಬರೆಯುವ ಕೆಲಸದಲ್ಲಿದ್ದಾಳೆ. ಪರದೆಗೂ ಪಂಪಿಗೂ ನಡುವೆ ಏನೋ ತಪ್ಪಿದೆ ಎಂದು ಮೊದಲು ಅನುಮಾನಪಟ್ಟವಳು ಅವಳೇ. ಈ ಪರೀಕ್ಷೆ ಅವಳ ಅನುಮಾನವನ್ನು ಸುಳ್ಳು ಮಾಡಿತ್ತು.

ಆದರೆ ಅವಳ ಮುಖದಲ್ಲಿ ಸೋಲು ಇರಲಿಲ್ಲ.

“ಇವೆರಡು ಕಡತ ನೋಡ್ರಿ,” ಎಂದು ಅವಳು ಪರದೆಗೆ ಬೆರಳು ತೋರಿಸಿದಳು. “ಒಂದು ನಾವು ನೋಡೋ ಪರದಿ ನಡಸೋ ಪ್ರೋಗ್ರಾಂ. ಇನ್ನೊಂದು ಅದರ ಲೈಬ್ರರಿ. ಪಂಪಿಗೆ ಹೋಗು, ನಿಲ್ಲು ಅಂತ ಹೇಳೋದು ಲೈಬ್ರರಿ. ಪ್ರತಿ ಕಡತಕ್ಕೂ ಎರಡು ತಾರೀಖು ಇರ್ತಾವ ಕಾಕಾ. ಅದು ಹುಟ್ಟಿದ್ದು ಯಾವಾಗ, ಈ ಮನಿಗೆ ಬಂದದ್ದು ಯಾವಾಗ.”

“ಹೂಂ.”

“ಈ ಜೋಡಿ ಹುಟ್ಟಿದ್ದು ಅಪಘಾತಕ್ಕಿಂತ ಮೊದಲು. ಇಲ್ಲಿಗೆ ಬಂದದ್ದು ಅಪಘಾತದ ದಿನ ಸಂಜಿಗೆ.”

ಗುರುಬಸವ ಹತ್ತಿರ ಬಂದ. “ಅಂದ್ರ?”

“ಅಂದ್ರ ನಾವು ಈಗ ಪರೀಕ್ಷಾ ಮಾಡಿದ್ದು ಬಾಬುಸಾಬ್ರ ಕೈ ಮುರಿದ ಜೋಡಿಯನ್ನ ಅಲ್ರಿ. ಅದನ್ನ ಯಾರೋ ತಗದು, ಇದನ್ನ ಇಟ್ಟಾರ.”

ಶೆಡ್ಡಿನ ಹೊರಗೆ ಲಾರಿಯೊಂದು ಹಿಂದಕ್ಕೆ ಸರಿಯುತ್ತಿತ್ತು. ಹತ್ತಿಯ ಎಳೆಗಳು ಬಿಸಿಲಿನ ಕೋಲಿನಲ್ಲಿ ಸುಮ್ಮನೆ ತೇಲುತ್ತಿದ್ದವು. ನೀಲಕಂಠಪ್ಪನವರು ಅವನ್ನು ನೋಡುತ್ತ, “ಔಷಧ ಮೊದಲ ತಯಾರಾಗಿತ್ತು. ಕುಡಸಿದ್ದು ಜೀವಕ್ಕ ಪೆಟ್ಟು ಬಿದ್ದ ಮ್ಯಾಲೆ,” ಎಂದರು ಮೆಲ್ಲಗೆ. “ತಯಾರ ಮಾಡಿದಾಂವ ಯಾರು?”

*

ಪ್ರೆಸ್ಸಿನ ಪ್ರೋಗ್ರಾಂ ಬರೆದುಕೊಟ್ಟ ಕಚೇರಿ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿತ್ತು. ಗಾರ್ಗಿ ಕಾರು ನಡೆಸುತ್ತಿದ್ದಳು. ಹಿಂದಿನ ಸೀಟಿನಲ್ಲಿ ಕುಮಾರಸ್ವಾಮಿ. ಅವನಿಗೆ ಕಾರ್ಖಾನೆಯ ಗೇಟಿನೊಳಗೆ ಪ್ರವೇಶ ಇರಲಿಲ್ಲವಾದ್ದರಿಂದ ಇಷ್ಟು ಹೊತ್ತೂ ಹೊರಗೆ ಚಹಾದಂಗಡಿಯ ಬೆಂಚಿನ ಮೇಲೆ ಕೂತಿದ್ದ. ಎತ್ತರದ ಆಳು, ಹಣೆಯ ಮೇಲೆ ವಿಭೂತಿ, ತೊಡೆಯ ಮೇಲೆ ಎರಡೂ ಕೈ. ಪರೀಕ್ಷೆ ಏನಾಯಿತು ಎಂದು ಅವನು ಕೇಳಲಿಲ್ಲ. ಕೇಳದೆ ಇದ್ದದ್ದನ್ನು ನೀಲಕಂಠಪ್ಪನವರು ಮನಸ್ಸಿನಲ್ಲಿಟ್ಟುಕೊಂಡರು.

“ಒಂದ ಯಂತ್ರದಾಗ ಇಬ್ಬರು ಯಾಕವ್ವಾ, ಪರದಿ ಒಂದು, ಲೈಬ್ರರಿ ಒಂದು?” ಎಂದು ಕೇಳಿದರು ಅವರು.

“ಕೆಲಸಾ ಹಂಚಿಕೊಳ್ಳಲಿಕ್ಕೆ ಕಾಕಾ. ಲೈಬ್ರರಿಯನ್ನ ಒಮ್ಮೆ ಬರದ್ರ ಎಷ್ಟೋ ಪ್ರೋಗ್ರಾಂ ಅದನ್ನ ಬಳಸಬಹುದು. ಆದ್ರ ಲಿಮಿಟ್ ಅನ್ನೋ ಅಂಕಿ ಇಬ್ಬರಿಗೂ ಬೇಕಲ್ಲ? ಪರದಿ ಅದನ್ನ ತೋರಿಸಬೇಕು, ಬದಲಿಸಬೇಕು. ಲೈಬ್ರರಿ ಅದನ್ನ ನೋಡಿ ಪಂಪು ನಿಲ್ಲಿಸಬೇಕು. ಅಂಥದ್ದಕ್ಕ ಗ್ಲೋಬಲ್ ವೇರಿಯೇಬಲ್ ಅಂತೀವಿ. ಎಲ್ಲಾರ ಕೈಗೂ ಸಿಗೋ ಹಂಗ ನಡುಮನ್ಯಾಗ ಇಟ್ಟ ಡಬ್ಬಿ ಅಂತ ತಿಳ್ಕೋರಿ.”

“ಡಬ್ಬಿ ಒಂದ.”

“ಒಂದ ಇರಬೇಕು. ಅದು ಇರೋದು ಲೈಬ್ರರಿಯೊಳಗ. ಲೈಬ್ರರಿ ‘ಇದು ನಂದು, ಬೇಕಾದವರು ಬಳಸ್ರಿ’ ಅಂತ ಹೊರಗ ತೋರಿಸಬೇಕು. ಪರದಿ ‘ಇದು ನಂದಲ್ಲ, ಅಲ್ಲಿಂದ ತಗೋತೀನಿ’ ಅನ್ನಬೇಕು. ಬರೆಯುವಾಗ ಈ ಎರಡು ಮಾತು ಬಿಟ್ಟುಹೋದ್ರ, ಎರಡನ್ನೂ ಜೋಡಿಸೋ ಹೊತ್ತಿನ್ಯಾಗ ಕಂಪ್ಯೂಟರ್ ತಕರಾರು ತಗೀತದ. ಲಿಮಿಟ್ ಎಲ್ಲೂ ಸಿಗವಲ್ದು ಅಂತ. ಅವಸರದಾಗ ಇದ್ದಾಂವ ಏನ ಮಾಡ್ತಾನ? ಪರದಿಯೊಳಗೂ ಅದೇ ಹೆಸರಿಂದು ಇನ್ನೊಂದು ಡಬ್ಬಿ ಮಾಡಿ ಇಟ್ಟುಬಿಡ್ತಾನ. ತಕರಾರು ಬಂದ್.”

“ಆದ್ರ ಎರಡಾದ್ವು.”

“ಎರಡಾದ್ವು. ಪರದಿ ತನ್ನ ಡಬ್ಬಿಯೊಳಗ ನೂರೈವತ್ತು ಇಡ್ತದ, ಅದನ್ನ ನಿಮಗ ತೋರಸ್ತದ. ಲೈಬ್ರರಿ ತನ್ನ ಡಬ್ಬಿ ನೋಡ್ತದ. ಅದರಾಗ ಮೊದಲಿನ ನೂರಾ ಎಂಬತ್ತು. ಇಬ್ಬರೂ ಸುಳ್ಳು ಹೇಳೂದಿಲ್ಲ.”

ನೀಲಕಂಠಪ್ಪನವರು ಕಿಟಕಿಯ ಗಾಜು ಏರಿಸಿದರು. ಆಮೇಲೆ ನಿಧಾನವಾಗಿ, ಕಟ್ಟೆಯ ಮೇಲೆ ಕೂತು ಕತೆ ಹೇಳುವ ದನಿಯಲ್ಲಿ ಶುರುಮಾಡಿದರು.

“ನಮ್ಮ ದೊಡ್ಡವ್ವ ಶರಣವ್ವ ಅಂತ. ಮಕ್ಕಳು ಬ್ಯಾರೆ ಒಲಿ ಹೂಡಿದಾಗ, ಒಲಿ ಎರಡಾದ್ರೂ ಉಪ್ಪಿನ ಭರಣಿ ಒಂದ ಇರಲಿ ಅಂದ್ಳು. ನಡುಮನ್ಯಾಗ ಇಟ್ಳು. ಸಣ್ಣ ಸೊಸಿಗೆ ಎದ್ದು ಬರೂದು ಬ್ಯಾಸರ. ತನ್ನ ಒಲಿ ಹಂತ್ಯಾಕ ಇನ್ನೊಂದ ಭರಣಿ ಇಟ್ಕೊಂಡ್ಳು. ವರ್ಷಾನುಗಟ್ಟಲೆ ಯಾರಿಗೂ ಗೊತ್ತಾಗಲಿಲ್ಲ. ಎರಡರಾಗೂ ಹಳ್ಳುಪ್ಪು. ಒಂದಿನ ದೊಡ್ಡವ್ವ ನಡುಮನಿ ಭರಣಿಗೆ ಪುಡಿ ಉಪ್ಪು ಹಾಕಿ, ಇನ್ನ ಅರ್ಧಾ ಹಾಕ್ರೆವಾ ಸಾರಿಗೆ ಅಂದ್ಳು. ದೊಡ್ಡ ಸೊಸಿ ಸಾರು ಸರಿ ಆತು. ಸಣ್ಣಾಕಿ ಸಾರು ಸಪ್ಪಗ. ಅತ್ತಿ ಅಂತಾಳ, ನನ್ನ ಮಾತು ಮೀರಿದಿ. ಸೊಸಿ ಅಂತಾಳ, ದೇವರಾಣಿ ನೀವು ಹೇಳಿದಷ್ಟ ಹಾಕೇನಿ.”

ಗಾರ್ಗಿ ನಕ್ಕಳು. “ಕಾಲೇಜಿನಾಗ ನಿಮ್ಮ ದೊಡ್ಡವ್ವನ್ನ ಕರಸಿ ಪಾಠಾ ಹೇಳಸಬೇಕಾಗಿತ್ತು.”

“ಜಗಳಾ ಹತ್ತಿದ್ದು ಯಾವಾಗ ನೋಡು. ದೊಡ್ಡವ್ವ ಉಪ್ಪು ಬದಲಿಸಿದಾಗ.”

“ಖರೇ. ಎರಡೂ ಡಬ್ಬಿ ಒಂದ ಅಂಕಿಯಿಂದ ಶುರು ಆಗಿರ್ತಾವ. ಯಾರೂ ಬದಲಿಸದೇ ಇದ್ರ ತಪ್ಪು ಮಲಗೇ ಇರ್ತದ. ಲಿಮಿಟ್ಟಿಗೆ ಮೊದಲು ಕೈ ಹಚ್ಚಿದವರು ಕುಮಾರಸ್ವಾಮಿ. ಅದೂ ಬಾಬುಸಾಬ್ರಿಗೆ ಪೆಟ್ಟಾಗಬಾರದು ಅಂತ.”

ಹಿಂದಿನ ಸೀಟಿನಲ್ಲಿ ಕುಮಾರಸ್ವಾಮಿ ತಲೆ ತಗ್ಗಿಸಿದ. ಕನ್ನಡಿಯಲ್ಲಿ ನೀಲಕಂಠಪ್ಪನವರಿಗೆ ಅವನ ವಿಭೂತಿಯಷ್ಟೇ ಕಂಡಿತು.

*

ಕಚೇರಿ ಎಂದರೆ ಬೇರಿಂಗ್ ಅಂಗಡಿಯ ಮೇಲಿನ ಎರಡು ಕೋಣೆ. ಪ್ರೋಗ್ರಾಂ ಬರೆದ ಹುಡುಗ ಕೇದಾರ ಒಬ್ಬನೇ ಇದ್ದ, ಗಾರ್ಗಿಯ ಶಾಲೆಯಲ್ಲೇ ಓದಿದವನು. ಗಾರ್ಗಿಯನ್ನು ಕಂಡು ಮೊದಲು ನಕ್ಕ. ಅವಳ ಹಿಂದೆ ನೀಲಕಂಠಪ್ಪನವರನ್ನು ಕಂಡು ನಗು ಅರ್ಧಕ್ಕೇ ನಿಂತಿತು.

“ಗಾರ್ಗಿ ಅಕ್ಕಾ! ಬರ್ರಿ, ಚಹಾ...”

“ಚಹಾ ಆಮ್ಯಾಲೆ. ಸಾಲ್ಯಾಗ ಹೆಂಗಿದ್ಯೋ ಹಂಗ ಇದ್ದಿ ನೀನು. ಮನ್ಯಾಗಿನ ಲೆಕ್ಕಾ ಮಾಡಿರಲಿಲ್ಲ ಅಂದ್ರ ಉಗುರು ಕಚ್ಚಾಂವ. ಈಗ್ಯಾಕ ಕಚ್ಚಲಿಕ್ಕತ್ತೀ?”

ಕೇದಾರ ಕೈ ಕೆಳಗಿಳಿಸಿದ.

ನೀಲಕಂಠಪ್ಪನವರು ಕುರ್ಚಿಯ ಮೇಲೆ ಕೂತರು. ಮೇಜಿನ ಮೇಲೆ ಗಣಪತಿಯ ಸಣ್ಣ ಮೂರ್ತಿ, ಅದರ ಮುಂದೆ ಬೆಳಗ್ಗೆಯ ದಾಸವಾಳ ಇನ್ನೂ ಬಾಡಿರಲಿಲ್ಲ. ಅವರು ಅದಕ್ಕೆ ಕೈ ಮುಗಿದು, ಕೇದಾರನ ಕಡೆ ನೋಡುತ್ತ ಸುಮ್ಮನೆ ಕೂತುಬಿಟ್ಟರು.

ಫ್ಯಾನು ತಿರುಗಿತು. ಕೆಳಗೆ ಯಾರೋ ಬೇರಿಂಗಿನ ಅಳತೆ ಕೂಗಿದರು.

“ಏನ್ ಬೇಕಾಗಿತ್ತರಿ?” ಎಂದ ಕೇದಾರ.

ನೀಲಕಂಠಪ್ಪನವರು ಅವನ ಮುಖದಿಂದ ಕಣ್ಣು ಕದಲಿಸಲಿಲ್ಲ.

“ಬೇಲೂರಿನ ಪ್ರೆಸ್ಸಿನ ಸಲುವಾಗಿ ಬಂದಿರೇನು? ಅದರಾಗ ಏನೂ ತಪ್ಪಿಲ್ಲ. ಬೇಕಾದ್ರ ನೋಡ್ರಿ.”

“ನೋಡಿ ಬಂದ್ವಿ,” ಎಂದರು ನೀಲಕಂಠಪ್ಪ. “ಈಗ ತಪ್ಪಿಲ್ಲ. ಮೊದಲ ಇತ್ತು. ತಿದ್ದಿದ ಜೋಡಿ ಅಪಘಾತದಕಿಂತಾ ಮೊದಲ ಹುಟ್ಟೈತಿ. ಹಡದ ತಾಯಿನ್ನ ಹುಡಕ್ಕೊಂಡ ಬಂದೇವಿ.”

ಕೇದಾರ ಗಾರ್ಗಿಯ ಮುಖ ನೋಡಿದ. ಅವಳ ಮುಖದಲ್ಲಿ ಸಿಟ್ಟು ಇರಲಿಲ್ಲ. ಅದೇ ಅವನನ್ನು ಅಲ್ಲಾಡಿಸಿರಬೇಕು.

“ಇನ್ನೊಂದು ಹೊಸ ಪರದಿ ಮಾಡಲಿಕ್ಕತ್ತಿದ್ದೆ ಅಕ್ಕಾ,” ಎಂದ. “ಮೇಜಿನ ಮ್ಯಾಲೆ ಇಟ್ಟು ಲಿಮಿಟ್ ಬದಲಿಸಿದೆ. ಲೈಬ್ರರಿ ಹಳೇ ಅಂಕಿನೇ ಹೇಳಲಿಕ್ಕತ್ತು. ಎದಿ ಧಸಕ್ ಅಂತು. ಎರಡೂ ಕಡೆ ಡಬ್ಬಲ್ ಮಾಡಿಟ್ಟಿದ್ದೆ. ನಾನೇ. ಹಗಲೆಲ್ಲಾ ಕೂತು ಸರಿ ಮಾಡಿದೆ.”

“ಮಾಡಿದ ಮ್ಯಾಲೆ?”

“ಪೆನ್ ಡ್ರೈವಿಗೆ ಹಾಕಿ ಬೇಲೂರಿಗೆ ಹೋಗಿ ಕೊಟ್ಟು ಬಂದೆ.”

“ಕೊಡುವಾಗ ಏನಂತ ಹೇಳಿದಿ?”

ಕೇದಾರ ಗಣಪತಿಯ ಕಡೆ ನೋಡಿದ. “ಹಳೇದು ತಗದು ಇದನ್ನ ಹಾಕ್ರಿ, ಛಲೋ ನಡೀತದ ಅಂದೆ.”

“ಛಲೋ ನಡೀತೈತಿ,” ಎಂದು ನೀಲಕಂಠಪ್ಪನವರು ಆ ಮಾತನ್ನು ಅಂಗೈಯಲ್ಲಿಟ್ಟು ತೂಗುವವರಂತೆ ಹೇಳಿದರು. “ಲಿಮಿಟ್ ಇಳಿಸಿದ್ರ ಇಳಿಯೂದಿಲ್ಲ, ಇದನ್ನ ಹಾಕೂತನಕಾ ಹುಷಾರಿರ್ರಿ ಅಂತ ಯಾಕ ಹೇಳಲಿಲ್ಲಪಾ?”

“ಹೇಳಿದ್ರ ತಪ್ಪು ನಂದು ಅಂತ ಗೊತ್ತಾಗ್ತಿತ್ತಲ್ರಿ.”

“ಈಗ ಗೊತ್ತಾಗಲಿಲ್ಲೇನು?”

ಕೇದಾರನ ಕಣ್ಣು ತುಂಬಿದವು. ಆದರೆ ಅದರ ಹಿಂದೆಯೇ ಒಂದು ಹಟವೂ ಎದ್ದು ಬಂತು. “ತಪ್ಪು ನಂದು, ಖರೇ. ಆದ್ರ ನಾ ಕೊಟ್ಟಿದ್ದೆ! ಅವತ್ತೇ ಹಾಕಿದ್ರ ಯಾರ ಕೈನೂ ಮುರೀತಿದ್ದಿಲ್ಲ. ಹಾಕದೇ ಇದ್ದವರನ್ನ ಕೇಳ್ರಿ.”

“ಯಾರ ಕೈಯಾಗ ಕೊಟ್ಟಿ?”

“ಆಪರೇಟರ್ ಕೈಯಾಗ. ಕುಮಾರಸ್ವಾಮಿ ಅಂತ.”

ಗಾರ್ಗಿ ಥಟ್ಟನೆ ನೀಲಕಂಠಪ್ಪನವರತ್ತ ತಿರುಗಿದಳು. ಅವರು ಅಲುಗಲಿಲ್ಲ. ಈ ಮೊಕದ್ದಮೆಯನ್ನು ಅವರು ಹಿಡಿದದ್ದೇ ಆ ಮನುಷ್ಯನ ಮುಖ ನೋಡಿ. ನನಗ ಯಾರೂ ಏನೂ ಹೇಳಲಿಲ್ಲ, ಯಂತ್ರದಾಗ ದೋಷ ಐತಿ ಅಂತ ನನಗ ಗೊತ್ತಿರಲಿಲ್ಲ ಎಂದು ಅವನು ಹೇಳಿದಾಗ ಅವರು ಎರಡನೇ ಸಲ ಕೇಳಿರಲಿಲ್ಲ. ಶಿವನೇ, ನೋಡಬೇಕಾದ್ದನ್ನು ನೋಡದೆ ಪ್ರೀತಿಯನ್ನೇ ಸಾಕ್ಷಿ ಮಾಡಿಕೊಂಡುಬಿಟ್ಟೆನೇ ಎಂದು ಒಳಗೊಳಗೇ ಅಂದುಕೊಂಡರು.

“ಕೆಳಗ ಕಾರಿನ್ಯಾಗ ಅದಾನ,” ಎಂದರು. “ಕರೀವಾ ಗಾರ್ಗಿ.”

ಕುಮಾರಸ್ವಾಮಿ ಬಾಗಿಲಲ್ಲಿ ಬಂದು ನಿಂತ. ಕೇದಾರನನ್ನು ನೋಡಿದ. ಎಲ್ಲ ತಿಳಿದುಹೋಯಿತು ಎಂಬುದು ಅವನಿಗೂ ತಿಳಿಯಿತು. ಅವನ ಹೆಗಲು ಕೆಳಗಿಳಿದವು; ಯಾರೋ ತಲೆಯ ಮೇಲಿನ ಮೂಟೆ ಇಳಿಸಿಕೊಂಡಂತೆ.

“ಕೊಟ್ಟಿದ್ರು,” ಎಂದ, ಕೇಳುವ ಮೊದಲೇ.

“ಯಾಕ ಹಾಕಲಿಲ್ಲೋ ತಮ್ಮಾ?”

“ನಮ್ಮಲ್ಲಿ ಪ್ರೆಸ್ಸಿಗೆ ಏನ ಹೊಸಾದ ಹಾಕೂದಿದ್ರೂ ಅಮಾಸಿ ದಿನಾ ಹಾಕತೇವ್ರಿ. ಎಣ್ಣಿ ಬದಲಿಸೂದಿರಲಿ, ವಾಷರ್ ಇರಲಿ. ಅವತ್ತ ಒಂದ ದಿನಾ ಯಂತ್ರ ನಿಂದರತೈತಿ. ತೊಳದು, ಇಬತ್ತಿ ಹಚ್ಚಿ, ಕಾಯಿ ಒಡದು, ಆಮ್ಯಾಲೆ ಕೈ ಹಚ್ಚೂದು. ಅಲ್ಲೀತನಕಾ ಇರಲಿ ಅಂತ ಕಿಸೇದಾಗ ಇಟ್ಕೊಂಡೆ. ಛಲೋ ನಡೀತದ ಅಂದ್ರ ಇವರು. ಕೆಟ್ಟೈತಿ ಅನ್ನಲಿಲ್ಲರಿ. ಕೆಟ್ಟೈತಿ ಅಂದಿದ್ರ ಅಮಾಸಿ ದಾರಿ ಕಾಯತಿದ್ದಿಲ್ಲ.”

ಕೇದಾರ ಮುಖ ಮುಚ್ಚಿಕೊಂಡ.

“ಅಮಾಸಿ ಬರೂ ಮೊದಲ...” ಎಂದು ಕುಮಾರಸ್ವಾಮಿ ನಿಲ್ಲಿಸಿದ. ಮುಂದಿನದನ್ನು ಹೇಳಬೇಕಿರಲಿಲ್ಲ.

“ದವಾಖಾನಿಯಿಂದ ಹೊಳ್ಳಿ ಯಾಕ ಬಂದಿ ಅವತ್ತ?”

“ನೋಡಬೇಕಾಗಿತ್ತರಿ. ಬಂದು ನೋಡತೇನಿ, ಪರದಿ ನೂರೈವತ್ತು ಅಂತೈತಿ. ಕೆಂಪು ಮುಳ್ಳು ನೂರೆಂಬತ್ತು ಅಂತೈತಿ. ಕಿಸೇದಾಗ ಕೈ ಹಾಕಿದ್ರ ಇದು ಸಿಕ್ತು. ಆವಾಗ ತಿಳೀತು, ಇದು ಯಾತಕ್ಕ ಕೊಟ್ಟಿದ್ರು ಅಂತ. ಅತ್ತಲಾಗ ಚಿಲಕಾ ಬದಲಿಸಾಕತ್ತಿದ್ರು. ಸಂಜಿ ಪಾಳಿ ಚಾಲೂ ಮಾಡ್ರಿ ಅಂತ ಹೇಳಿಹೋಗಿದ್ರು. ಬಾಬುಸಾಬನ ಜಾಗಾಕ್ಕ ಯಾಸೀನ ಬಂದು ನಿಂತಿದ್ದ. ಸಣ್ಣಾಂವ. ಮೊನ್ನಿ ಲಗ್ನಾ ಆಗೇತಿ.” ಅವನು ಅಂಗೈ ನೋಡಿಕೊಂಡ. “ಹಳೇದ ತಗದೆ. ಇದನ್ನ ಹಾಕಿದೆ.”

ಕೇದಾರ ಮುಖದಿಂದ ಕೈ ತೆಗೆದು ಅವನನ್ನು ನೋಡಿದ.

ಗಾರ್ಗಿ ಅಂದಳು, “ನಿಮ್ಮ ಮಾತು ಖರೇ ಅನ್ನಲಿಕ್ಕೆ ಆ ಹಳೇ ಜೋಡಿ ಒಂದ ಸಾಕ್ಷಿ ಇತ್ತು. ಅದನ್ನ ನೀವ ಅಳಿಸಿದ್ರಿ.”

“ಗೊತ್ತೈತ್ರಿ ಅಕ್ಕಾರ.”

“ನನಗ ಯಾಕ ಹೇಳಲಿಲ್ಲ?” ಎಂದರು ನೀಲಕಂಠಪ್ಪ. ದನಿಯಲ್ಲಿ ಸಿಟ್ಟಿಗಿಂತ ನೋವು ಇತ್ತು.

“ಹೆಂಗ ಹೇಳಲ್ರಿ? ನಿಮಗ ಹೇಳಿದ್ರ ಬಾಬುಸಾಬಗ ತಿಳೀತೈತಿ. ಅವನ ಕೈ ಉಳಸೂ ವಸ್ತು ನನ್ನ ಕಿಸೇದಾಗ ಇತ್ತು ಅಂತ. ನಾ ಸುಳ್ಳ ಹೇಳಿದೆ ಅಂತ ಅವಾ ತಿಳಕೊಂಡ್ರ ಒಂದ ನೋವು. ಇದು ತಿಳದ್ರ...” ಅವನು ತಲೆ ಅಲ್ಲಾಡಿಸಿದ. “ಯಾವುದು ಕಡಿಮಿ ಅಂತ ದಿನಾ ವಿಚಾರ ಮಾಡಾಕತ್ತೇನ್ರಿ. ತಿಳೀವಲ್ದು.”

ನೀಲಕಂಠಪ್ಪನವರು ಎದ್ದು ಅವನ ಹತ್ತಿರ ಹೋದರು. ಅಂಗಿಯ ಮೇಲಿಂದಲೇ ಅವನ ಎದೆಯ ಲಿಂಗದ ಮೇಲೆ ಒಮ್ಮೆ ಕೈಯಿಟ್ಟರು. “ಮುಚ್ಚಿಟ್ಟದ್ದು ತಪ್ಪು. ಯಾಸೀನನ ಸಲುವಾಗಿ ಮಾಡಿದ್ದು ತಪ್ಪಲ್ಲ. ಎರಡನ್ನೂ ಬಾಬುಸಾಬನ ಮುಂದ ನೀನ ಹೇಳಬೇಕು. ನಾ ಬರತೇನಿ ಜೋಡಿ.”

“ನಂಬತಾನೇನ್ರಿ?”

ನೀಲಕಂಠಪ್ಪನವರು ಕೈ ಹಿಂದೆಗೆದುಕೊಂಡರು. ಸಾಕ್ಷಿಯಿಲ್ಲದ ಮಾತು. ನಾಳಿನ ವಿಚಾರಣೆಯಲ್ಲಿ ಗುರುಬಸವ ಒಂದೇ ಪ್ರಶ್ನೆ ಕೇಳುತ್ತಾನೆ: ಹಳೆಯದರಲ್ಲಿ ದೋಷ ಇತ್ತು ಎಂದು ತೋರಿಸಿರಿ. ಯಂತ್ರಕ್ಕೆ ಕದ್ದು ಕೈ ಹಾಕಿದ್ದೇನೆ ಎಂದು ಒಪ್ಪಿಕೊಂಡವನು, ತಪ್ಪು ಮಾಡಿದ್ದೇನೆ ಎಂದು ಅಳುವ ಹುಡುಗ. ಇಬ್ಬರೂ ಸೇರಿ ಕತೆ ಕಟ್ಟಿದ್ದಾರೆ ಎಂದರೆ ಮುಗಿಯಿತು.

“ಕೇದಾರ,” ಎಂದಳು ಗಾರ್ಗಿ. “ಹಳೇ ಜೋಡಿಯ ಪ್ರತಿ ನಿನ್ನ ಹತ್ರ ಅದನೋ ಇಲ್ಲೋ?”

“ಇಲ್ಲ ಅಕ್ಕಾ. ಅಪಘಾತದ ಸುದ್ದಿ ಕೇಳಿ ಹೆದರಿ ಎಲ್ಲಾ ಅಳಿಸಿದೆ.”

“ಬೇರೆ ಎಲ್ಲಿಗರೆ ಕೊಟ್ಟಿದ್ಯೇನು? ಬೇರೆ ಪ್ರೆಸ್ಸಿಗೆ?”

ಕೇದಾರ ಬೆರಳನ್ನು ಬಾಯಿಗೆ ಒಯ್ದ. ಗಾರ್ಗಿ ಆ ಕೈಯನ್ನು ಹಿಡಿದು ಕೆಳಗಿಳಿಸಿದಳು.

“ರಾಯಾಪುರದಾಗ ಒಂದು ಅದ,” ಎಂದ ಅವನು. “ಅಬ್ದುಲಮಜೀದ ಅನ್ನೋರ ಪ್ರೆಸ್ಸು. ಸಣ್ಣದು. ಅದೇ ಜೋಡಿ. ಅಲ್ಲಿಗೂ ಹೋಗಿ ಬದಲಿಸಬೇಕು ಅಂತಿದ್ದೆ. ಅಷ್ಟರಾಗ ಇಲ್ಲಿ ಹಿಂಗಾತು. ಆಮ್ಯಾಲೆ ಹೋಗೋ ಧೈರ್ಯ ಆಗಲಿಲ್ಲ.”

ನೀಲಕಂಠಪ್ಪನವರಿಗೆ ಮೊದಲು ಆದದ್ದು ಸಂತೋಷ. ಸಾಕ್ಷಿ ಇದೆ! ಹಳೆಯ ಜೋಡಿ ಇನ್ನೂ ಉಸಿರಾಡುತ್ತಿದೆ. ಗುರುಬಸವನನ್ನು ಕರೆದೊಯ್ದು ಕಣ್ಣಾರೆ ತೋರಿಸಬಹುದು, ಬಾಬುಸಾಬನ ಮಂಚದ ಹತ್ತಿರ ತಲೆಯೆತ್ತಿ ನಿಲ್ಲಬಹುದು. ಆ ಸಂತೋಷದ ಬೆನ್ನಿಗೇ ಇನ್ನೊಂದು ಅರಿವು ಬಂತು. ಹಳೆಯ ಜೋಡಿ ಇನ್ನೂ ಉಸಿರಾಡುತ್ತಿದೆ ಎಂದರೆ ಅದರ ಪಕ್ಕದಲ್ಲಿ ಮನುಷ್ಯರು ನಿಂತಿದ್ದಾರೆ. ಮೊದಲು ಸಂತೋಷಪಟ್ಟ ತಮ್ಮ ಮನಸ್ಸಿಗೆ ಅವರಿಗೇ ನಾಚಿಕೆಯಾಯಿತು.

“ಫೋನ್ ಹಚ್ಚು,” ಎಂದರು. “ಲಗೂ ಹಚ್ಚು. ಬಂದ್ ಮಾಡ್ರಿ ಅಂತ ಹೇಳು ಮೊದಲ.”

ಕೇದಾರ ಫೋನು ತೆಗೆದು ನಂಬರ್ ಹುಡುಕಿದ. ಗಾರ್ಗಿ ಫೋನು ಇಸಿದುಕೊಂಡು ನಂಬರ್ ಒತ್ತಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿ ಗಣಪತಿಯ ಪಕ್ಕದಲ್ಲಿಟ್ಟಳು.

“ಹಲೋ! ಯಾರ್ರಿ?” ದೊಡ್ಡ ದನಿ, ನಗುವಿನ ದನಿ. ಹಿಂದೆ ಜನರ ಗದ್ದಲ, ತಗಡಿನ ಸದ್ದು.

“ಮಜೀದಭಾಯಿ, ನಾನು ನೀಲಕಂಠಪ್ಪ ಅಂತ, ಪೊಲೀಸ್ ಖಾತೇದಾಗಿದ್ದೆ. ಬೇಲೂರಿನ ಪ್ರೆಸ್ಸಿನ ಅಪಘಾತದ್ದ ವಿಷಯ...”

“ಕೇಳೇವ್ರಿ ಸಾಹೇಬ್ರ! ಪಾಪ, ಬಾಬುಸಾಬ ನಮ್ಮ ದೂರಿನ ಸಂಬಂಧರಿ. ನೀವೇನ ಚಿಂತಿ ಮಾಡಬ್ಯಾಡ್ರಿ. ಆ ಸುದ್ದಿ ಕೇಳಿ ನಾವೂ ಹುಷಾರ ಆಗೇವಿ. ನಮ್ಮ ಬಾಗಿಲದ ಚಿಲಕಾನೂ ಅಲ್ಲಾಡತೈತಿ. ಹೊಸಾದು ಬರೂತನಕಾ ಇರಲಿ ಅಂತ ಇವತ್ತ ಮುಂಜಾನೆ ಲಿಮಿಟ್ ಇಳಿಸಿಬಿಟ್ಟೇವಿ. ನೂರಾ ಐವತ್ತು!”

ಗಾರ್ಗಿಯ ಕೈ ಬಾಯಿಗೆ ಹೋಯಿತು.

“ಮಜೀದಭಾಯಿ, ಯಂತ್ರ ಬಂದ್ ಮಾಡ್ರಿ. ಈಗಿಂದೀಗ. ಅದು ಇಳದಿಲ್ಲ. ಪರದಿ ನಂಬಬ್ಯಾಡ್ರಿ.”

“ಏನಂದ್ರಿ? ಏ ಚಾಂದಬೀ, ನೀ ಅಲ್ಲೇ ನಿಂತು ಬಾಗಿಲಾ ನೋಡಕೋವಾ, ಹೆದರಬ್ಯಾಡ, ಕಡಿಮಿ ಮಾಡೇನಿ! ಹಾಂ ಸಾಹೇಬ್ರ, ಏನೋ ಅಂದ್ರಿ, ಕೇಳವಲ್ದು ನೋಡ್ರಿ, ಪಂಪು ಚಾಲೂ ಆತು...”

“ಬಂದ್ ಮಾಡ್ರಿ!” ನೀಲಕಂಠಪ್ಪನವರು ಕೂಗಿದರು. ಅವರು ಕೂಗಿದ್ದನ್ನು ಗಾರ್ಗಿ ಹುಟ್ಟಿದಾಗಿನಿಂದ ಕೇಳಿರಲಿಲ್ಲ.

“ತಡೀರಿ, ಇದೊಂದು ಅಂಡಿಗಿ ಮುಗಿಸಿ ಮಾತಾಡತೇನಿ.”

ಫೋನು ಯಾವುದೋ ಹಲಗೆಯ ಮೇಲೆ ಕುಳಿತ ಸಪ್ಪಳ. ಅವನು ಅದನ್ನು ಬಂದ್ ಮಾಡಿರಲಿಲ್ಲ. ಪಂಪಿನ ಗುಂಯ್ ಎಂಬ ಸದ್ದು ಮೇಜಿನ ಮೇಲಿಂದ ಎದ್ದು ಕೋಣೆಯನ್ನು ತುಂಬತೊಡಗಿತು. ಗಾರ್ಗಿ ಕಾರಿನ ಕೀಲಿ ಹಿಡಿದು ಆಗಲೇ ಮೆಟ್ಟಿಲ ಹತ್ತಿರ ಓಡಿದ್ದಳು. ಕೇದಾರ ಫೋನಿನ ಮೇಲೆ ಬಾಗಿ ಕೂಗುತ್ತಲೇ ಇದ್ದ, “ಮಜೀದಭಾಯಿ, ಮಜೀದಭಾಯಿ.” ಅತ್ತಲಿಂದ ಯಾರೂ ಓಗೊಡಲಿಲ್ಲ.

ಕುಮಾರಸ್ವಾಮಿ ಮಾತ್ರ ಬಾಗಿಲಲ್ಲಿ ನಿಂತಲ್ಲೇ ನಿಂತಿದ್ದ. ಕಣ್ಣು ಮುಚ್ಚಿದ್ದ. ಆ ಸದ್ದು ಅವನಿಗೆ ದಿನವೂ ಕೇಳಿದ ಸದ್ದು. ಪಂಪಿನ ಉಸಿರು ಎಷ್ಟು ಒತ್ತಡಕ್ಕೆ ಬಿಗಿಯುತ್ತದೆ, ಎಷ್ಟಕ್ಕೆ ಅದರ ಶ್ರುತಿ ಒಂದು ಮೆಟ್ಟಿಲು ಏರುತ್ತದೆ ಎಂಬುದು ಅವನ ಕಿವಿಗೆ ಗೊತ್ತಿತ್ತು.

ಸದ್ದು ಬಿಗಿಯಿತು. ಒಂದು ಮೆಟ್ಟಿಲು ಏರಿತು. ನಿಲ್ಲಲಿಲ್ಲ.

ಅವನು ಕಣ್ಣು ತೆರೆದ.

“ನೂರೈವತ್ತು ದಾಟ್ತರಿ,” ಎಂದ.